ಗೆರೆಯ ಕೆಳಗಿನ ಕನ್ನಡ

ಅಕ್ಷರವಿನ್ಯಾಸ ಕಲಿಯಲು ಹೊರಟವರಿಗೆ ನಮ್ಮ ಮೂರು ಊರುಗಳ ನಾಮಫಲಕಗಳೇ ಒಳ್ಳೆಯ ಪಾಠ. ‘ಮೂಡುಬಿದಿರೆ’ಯಲ್ಲಿ ಒಂದೂ ಒತ್ತಿಲ್ಲ. ಯಾವ ಫಾಂಟ್ ಹಾಕಿದರೂ ಅದು ಬೇಸ್‌ಲೈನ್ ಮೇಲೆ, ಅಂದರೆ ಅಕ್ಷರಗಳೆಲ್ಲ ಕೂರುವ ಆ ಕಾಣದ ಗೆರೆಯ ಮೇಲೆ, ನೆಮ್ಮದಿಯಾಗಿ ಕೂರುತ್ತದೆ. ‘ಬಂಟ್ವಾಳ’ದ ಕಥೆ ಬೇರೆ. ಅಲ್ಲಿ ವ-ಒತ್ತು ಗೆರೆಯ ಕೆಳಗಿಳಿಯುತ್ತದೆ. ಒಳ್ಳೆಯ ಫಾಂಟಿನಲ್ಲಿ ಅದು ಮುಂದಿನ ಳಕಾರದ ಅಡಿಗೆ ತುಸು ನುಸುಳುತ್ತದೆ. ಕೆಟ್ಟದರಲ್ಲಿ ಳ ದೂರ ಸರಿದು ಪದದ ನಡುವೆ ಕಿಂಡಿ ಬೀಳುತ್ತದೆ. ಈ ಅಂತರವನ್ನು ಜೋಡಿ ಜೋಡಿಯಾಗಿ ತಿದ್ದುವ ಕೆಲಸಕ್ಕೆ ಕರ್ನಿಂಗ್ ಎನ್ನುತ್ತಾರೆ. ‘ಬೆಳ್ತಂಗಡಿ’ಯಲ್ಲಿ ತ-ಒತ್ತಿನ ಬೆನ್ನಿಗೇ ಸೊನ್ನೆ ಬರುವುದರಿಂದ ಅಲ್ಲಿ ಇನ್ನೂ ಹೆಚ್ಚಿನ ನಾಜೂಕು ಬೇಕು.

ಇಂಗ್ಲಿಷ್ ವಿನ್ಯಾಸಕಾರರು ಬಹಳ ನೆಚ್ಚುವ ಎಕ್ಸ್‌ಹೈಟ್, ಅಂದರೆ ಸಣ್ಣಕ್ಷರ xನ ಎತ್ತರ ಎಂಬ ಅಳತೆ ನಮಗೆ ಅಷ್ಟಾಗಿ ಒದಗುವುದಿಲ್ಲ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಕನ್ನಡಕ್ಕಿಲ್ಲವಲ್ಲ. ನಮ್ಮ ಲೆಕ್ಕಾಚಾರವೆಲ್ಲ ಗೆರೆಯ ಕೆಳಗೆ.

ಹಾಗಾಗಿ ಲೆಡಿಂಗ್, ಅಂದರೆ ಸಾಲಿನಿಂದ ಸಾಲಿಗಿರುವ ಅಂತರದ ವಿಷಯದಲ್ಲಿ ನಾನು ರಾಜಿಯಾಗಲಾರೆ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಸಾಲು ಸಾಲಿನ ನಡುವೆ ಸೀಸದ ಪಟ್ಟಿ ಇಡುತ್ತಿದ್ದರು. ಇಂದು ಡಿಟಿಪಿ ತಂತ್ರಾಂಶ ತಾನಾಗಿಯೇ ಅಕ್ಷರದ ಅಳತೆಯ ಶೇಕಡಾ 120 ಕೊಟ್ಟು ಕೈತೊಳೆದುಕೊಳ್ಳುತ್ತದೆ. 12 ಪಾಯಿಂಟ್ ಅಕ್ಷರಕ್ಕೆ 14.4. ಇಂಗ್ಲಿಷಿಗೆ ಅದು ಸಾಕು. ‘ಶಾಸ್ತ್ರ’, ‘ರಾಷ್ಟ್ರ’ದಂಥ ಜೋಡಿ ಒತ್ತುಗಳಿರುವ ಸಾಲಿಗೆ ಸಾಲದು: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗುತ್ತದೆ. ನಾನಾದರೆ 12ಕ್ಕೆ 18 ಕೊಡುತ್ತೇನೆ.

ಕೈಬರಹಕ್ಕೆ ಈ ಕಷ್ಟವಿರಲಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದ, ‘ಧವಲಾ’ ಎಂಬ ಜೈನ ಗ್ರಂಥದ ತಾಳೆಗರಿಗಳ ಭಾಷೆ ಪ್ರಾಕೃತ, ಲಿಪಿ ಹಳೆಗನ್ನಡದ್ದು. ಗರಿಯ ಅಗಲ ಎಷ್ಟೇ ಕಿರಿದಾಗಿರಲಿ, ಬರೆಯುವವನಿಗೆ ಮೇಲಿನ ಸಾಲು ಕಣ್ಣೆದುರೇ ಇರುತ್ತದೆ. ಒತ್ತು ಎಲ್ಲಿ ಇಳಿದಿದೆಯೆಂದು ನೋಡಿಯೇ ಮುಂದಿನ ಅಕ್ಷರ ಬರೆಯಬಹುದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತಂದಾಗಲೂ ಅಕ್ಷರ ಮೂಡಿದ್ದು ಕೈಯಿಂದಲೇ.

ಈಗ ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಫ್ಲೆಕ್ಸ್‌ಗಳನ್ನು ನೋಡಿ. ಆ ಒಂದು ಪದದಲ್ಲೇ ಮೂರು ಒತ್ತುಗಳಿವೆ. “ಸ್ವಲ್ಪ ಎಳೆದು ಬಿಡ್ತೇನೆ ಸರ್, ಬೋರ್ಡು ತುಂಬ್ತದೆ” ಎನ್ನುತ್ತಾನೆ ಅಂಗಡಿಯ ಹುಡುಗ. ಹಾಗೆ ಅಡ್ಡಕ್ಕೆ ಎಳೆದರೆ ನಿಂತ ಗೆರೆಗಳು ಮಾತ್ರ ದಪ್ಪಗಾಗುತ್ತವೆ, ಅಡ್ಡಗೆರೆಗಳು ಇದ್ದಷ್ಟೇ ಉಳಿಯುತ್ತವೆ. ಗುಂಡಗಿನ ಠ, ರ ಚಪ್ಪಟೆಯಾಗುತ್ತವೆ. ದುಂಡುತನವೇ ಹೋದರೆ ಕನ್ನಡ ಲಿಪಿಯಲ್ಲಿ ಚೆಲುವೆಂದು ಉಳಿಯುವುದೇನು? ಜಾಗ ತುಂಬಬೇಕಾದರೆ ‘ಬಾಲೂ ತಮ್ಮ’ದಂಥ ಮೈತುಂಬಿದ ಫಾಂಟ್ ಉಚಿತವಾಗಿಯೇ ಸಿಗುತ್ತದೆ. ಇಲ್ಲವೇ ಶುಭಕೋರುವವರ ಭಾವಚಿತ್ರಗಳಲ್ಲಿ ಒಂದು ಸಾಲನ್ನು ಕಡಿಮೆ ಮಾಡಿಸಿ, ಆ ಜಾಗವನ್ನು ಒತ್ತುಗಳಿಗೆ ಬಿಡಿಸಿ.