ಕರಿನೀರಿನ ಸೆರೆಮನೆ: ಒಂದು ಸ್ಮಾರಕದ ವಿಮರ್ಶೆ

ಗ್ರಂಥವೊಂದು ಕೈಗೆ ಬಂದರೆ ಅದರ ವಸ್ತುವನ್ನೂ ಬಂಧವನ್ನೂ ಪರೀಕ್ಷಿಸುವ ನಾವು, ಸ್ಮಾರಕದ ಮುಂದೆ ನಿಂತಾಗ ಮಾತ್ರ ಕೈಮುಗಿದು ಹಿಂದಿರುಗುತ್ತೇವೆ. ಗೌರವಕ್ಕೆ ಅದು ಸಲ್ಲತಕ್ಕದ್ದೇ. ಆದರೆ ಸ್ಮಾರಕವೂ ಒಂದು ನಿರೂಪಣೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಯಾರೋ ನಿರ್ಧರಿಸಿದ ಮೇಲೆಯೇ ಅದು ನಮ್ಮೆದುರಿಗೆ ಬರುವುದು. ಅಂಡಮಾನಿನ ಸೆಲ್ಯುಲರ್ ಸೆರೆಮನೆಯನ್ನು ಈ ದೃಷ್ಟಿಯಿಂದ ನೋಡುವುದು ನಮ್ಮ ಉದ್ದೇಶ.

ಪೋರ್ಟ್ ಬ್ಲೇರಿನಲ್ಲಿ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಈ ಕಟ್ಟಡದ ಕೆಲಸ 1896ರಲ್ಲಿ ಮೊದಲಾಗಿ 1906ರಲ್ಲಿ ಮುಗಿಯಿತು. ನಡುವೆ ಕಾವಲುಗೋಪುರ; ಅದರಿಂದ ಚಕ್ರದ ಅರಗಳಂತೆ ಹೊರಟ ಏಳು ಸಾಲುಗಳು; ಮೂರು ಅಂತಸ್ತುಗಳಲ್ಲಿ ಏಳುನೂರಕ್ಕೆ ಸಮೀಪವಾದಷ್ಟು ಕೋಣೆಗಳು. ಒಂದೊಂದು ಕೋಣೆ ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲ. ಒಂದು ಸಾಲಿನ ಬಾಗಿಲುಗಳಿಗೆ ಎದುರಾಗಿ ಮುಂದಿನ ಸಾಲಿನ ಬೆನ್ನುಗೋಡೆ ಮಾತ್ರ ಕಾಣುವಂತೆ ಇದನ್ನು ಯೋಜಿಸಲಾಗಿದೆ. ಬಾಗಿಲಿನ ಅಗುಳಿ ಸೆರೆಯಾಳಿನ ಕೈಗೆ ಎಟುಕದ ಗೋಡೆಯ ಗೂಡಿನಲ್ಲಿದೆ. ಬೆತ್ತಕ್ಕಿಂತ, ಬೇಡಿಗಿಂತ, ಮಾತಿಲ್ಲದಿರುವುದೇ ಇಲ್ಲಿಯ ಮುಖ್ಯ ಶಿಕ್ಷೆ ಎಂಬುದನ್ನು ಗೋಡೆಗಳೇ ತಿಳಿಸುತ್ತವೆ, ಫಲಕಗಳ ಅಗತ್ಯವಿಲ್ಲ. ವಸ್ತುತಃ ಸ್ಮಾರಕದ ಅತ್ಯುತ್ತಮ ಭಾಗ ಬರಿದಾದ ಈ ಕೋಣೆಗಳೇ. ಸಂಜೆಯ ಧ್ವನಿ-ಬೆಳಕಿನ ಕಾರ್ಯಕ್ರಮದಲ್ಲಿ ಅಂಗಳದ ಅರಳೀಮರವನ್ನು ಕಥೆಗಾರನನ್ನಾಗಿ ಮಾಡಿ ಮಾತಾಡಿಸಿರುವುದು ಜನರಂಜಕವಾಗಿದೆ, ನಿಜ. ಆದರೆ ಮೌನವನ್ನೇ ಶಿಕ್ಷೆಯನ್ನಾಗಿ ವಿಧಿಸಿದ ಸ್ಥಳದಲ್ಲಿ ಇಷ್ಟೊಂದು ವಾಚಾಳತೆ ಸಲ್ಲದೆಂದು ನಮಗೆ ತೋರುತ್ತದೆ.

ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. 1941ರ ಭೂಕಂಪದಿಂದಲೂ ಆಮೇಲಿನ ಕೆಡವುವಿಕೆಯಿಂದಲೂ ಉಳಿದವು ಹೋದುವು. ಹಿಂದೆ ಅಲ್ಲಿ ಸೆರೆಯಲ್ಲಿದ್ದವರೇ ಪ್ರತಿಭಟಿಸದಿದ್ದರೆ ಇಷ್ಟೂ ಉಳಿಯುತ್ತಿದ್ದುದು ಸಂದೇಹ. ಆವರಣದಲ್ಲಿ 1963ರಲ್ಲಿ ಗೋವಿಂದ ವಲ್ಲಭ ಪಂತರ ಹೆಸರಿನ ಆಸ್ಪತ್ರೆ ಬಂದಿತು. ಇದನ್ನು ಅಪಚಾರವೆನ್ನುವವರುಂಟು, ನಾವು ಹಾಗೆನ್ನಲಾರೆವು. ಕಟ್ಟಡವನ್ನು ರಾಷ್ಟ್ರೀಯ ಸ್ಮಾರಕವೆಂದು 1979ರ ಫೆಬ್ರವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರು ಸಮರ್ಪಿಸಿದರು.

ನಮ್ಮ ಮುಖ್ಯ ಆಕ್ಷೇಪ ಹೆಸರುಗಳ ವಿಷಯದ್ದು. ಗೋಪುರದ ಅಮೃತಶಿಲೆಯ ಫಲಕಗಳಲ್ಲಿ ಸ್ವಾತಂತ್ರ್ಯ ಹೋರಾಟದ ಬಂದಿಗಳ ಹೆಸರುಗಳನ್ನು ಪ್ರಾಂತವಾರು ಕೆತ್ತಿದ್ದಾರೆ. 1911ರಿಂದ 1921ರವರೆಗೆ ಇಲ್ಲಿದ್ದ ವಿನಾಯಕ ದಾಮೋದರ ಸಾವರ್ಕರರೂ, 1912ರಲ್ಲಿ ಕೋಣೆಯೊಳಗೇ ಪ್ರಾಣ ಕಳೆದುಕೊಂಡ ಇಂದುಭೂಷಣ ರಾಯ್ ಅವರೂ, ಬುದ್ಧಿಭ್ರಮಣೆಗೊಳಗಾದ ಉಲ್ಲಾಸಕರ ದತ್ತರೂ, 1933ರ ಉಪವಾಸದಲ್ಲಿ ಮಡಿದ ಮಹಾವೀರ ಸಿಂಗ್, ಮೋಹನ ಕಿಶೋರ ನಾಮದಾಸ್, ಮೋಹಿತ ಮೈತ್ರ ಇವರೂ ಸ್ಮರಣೀಯರೆಂಬುದು ನಿರ್ವಿವಾದ. ಆದರೆ ಈ ಸೆರೆಮನೆಯನ್ನು ಕಟ್ಟಿದವರು ಯಾರು? 1858ರಿಂದ ಹಡಗುಗಳಲ್ಲಿ ಬಂದಿಳಿದ ಸಾಮಾನ್ಯ ಅಪರಾಧಿಗಳು. ಕಾಡು ಕಡಿದವರು, ಇಟ್ಟಿಗೆ ಹೊತ್ತವರು, ತಾವು ಕಟ್ಟಿದ ಕೋಣೆಯಲ್ಲಿ ತಾವೇ ಸೆರೆಯಾದವರು ಅವರು. ಅವರ ಹೆಸರು ಆ ಫಲಕಗಳಲ್ಲಿಲ್ಲ.

ಇಲ್ಲಿ ಒಂದು ವಿಪರ್ಯಾಸವಿದೆ. ರಾಜಕೀಯ ಬಂದಿಗಳೆಂಬ ಬೇರೆ ವರ್ಗವೇ ಇಲ್ಲವೆಂದು ಸರ್ಕಾರ ವಾದಿಸುತ್ತಿತ್ತು. ತಮ್ಮನ್ನು ಕಳ್ಳರೊಡನೆ ಎಣಿಸಕೂಡದೆಂಬುದೇ ಬಂದಿಗಳ ಬೇಡಿಕೆಗಳಲ್ಲೊಂದು. ಗಾಣಕ್ಕೆ ಎತ್ತಿನಂತೆ ಕಟ್ಟಿ ದಿನಕ್ಕೆ ಮೂವತ್ತು ಪೌಂಡು ಕೊಬ್ಬರಿ ಎಣ್ಣೆ ತೆಗೆಸಿದಾಗ ಆ ಬೇಡಿಕೆ ನ್ಯಾಯವಾಗಿಯೇ ಇದ್ದಿತು. ಅಂದು ಬಂದಿಗಳು ಬೇಡಿದ ಗೆರೆಯನ್ನು ಇಂದಿನ ಸ್ಮಾರಕ ಅಮೃತಶಿಲೆಯಲ್ಲಿ ಎಳೆದಿದೆ. ಆ ಗೆರೆಯಾಚೆ ಉಳಿದವರ ಗತಿಯೇನೆಂದು ಅದು ಕೇಳುವುದಿಲ್ಲ. ಅಲ್ಲಿ ಕಾವಲಿಗಿದ್ದ ಜಮಾದಾರರೂ ಬಂದಿಗಳೇ. ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಕರಿನೀರನ್ನು ದಾಟಿ ಬಂದವರಾದ್ದರಿಂದ, ವೀರರು ಮತ್ತು ಕ್ರೂರರು ಎಂಬ ಎರಡೇ ಪಾತ್ರಗಳ ಕಥೆ ಇಲ್ಲಿ ಸಾಲದು.

ಶೇರ್ ಅಲಿಯ ಪ್ರಸಂಗವನ್ನೇ ನೋಡಬಹುದು. ಪೇಶಾವರದಲ್ಲಿ ಕುಲವೈರದ ಕೊಲೆಗಾಗಿ ಶಿಕ್ಷೆ ಹೊಂದಿ ಬಂದವನು ಆತ. ಸೆಲ್ಯುಲರ್ ಸೆರೆಮನೆ ಹುಟ್ಟುವುದಕ್ಕೆ ಬಹಳ ಮುಂಚಿನವನು. 1872ರ ಫೆಬ್ರವರಿ 8ರಂದು ವೈಸರಾಯ್ ಲಾರ್ಡ್ ಮೇಯೊನನ್ನು ಇರಿದು ಕೊಂದು, ಮಾರ್ಚಿಯಲ್ಲಿ ವೈಪರ್ ದ್ವೀಪದಲ್ಲಿ ಗಲ್ಲಿಗೇರಿದನು. ಅವನು ಕೊಲೆಗಡುಕನೇ, ಬಂಡಾಯಗಾರನೇ? ಎರಡೇ ಕಂಬಸಾಲುಗಳುಳ್ಳ ಪಟ್ಟಿಯಲ್ಲಿ ಅವನಿಗೆ ಸ್ಥಳ ದೊರೆಯದು. 2004ರಲ್ಲಿ ಇಲ್ಲಿಯ ಸ್ಮಾರಕಜ್ಯೋತಿಯಿಂದ ಸಾವರ್ಕರರ ಮಾತುಗಳ ಫಲಕವನ್ನು ತೆಗೆದಾಗ ದೇಶವೆಲ್ಲ ಚರ್ಚಿಸಿತು. ಎಂದೂ ಕೆತ್ತದ ಹೆಸರುಗಳ ಬಗ್ಗೆ ಅಂಥ ಚರ್ಚೆ ನಡೆಯಲಿಲ್ಲ.

ಜಪಾನೀಯರ ಕಾಲವೂ (1942-45) ನಿರೂಪಣೆಯಲ್ಲಿ ಬದಿಗೆ ಸರಿದಿದೆ. ಬ್ರಿಟಿಷರು ಹೋದ ಮೇಲೂ ಈ ಕೋಣೆಗಳು ತುಂಬಿದ್ದುವು. ವೈದ್ಯರೂ ಪಂಜಾಬಿ ಕವಿಗಳೂ ಆದ ದಿವಾನ್ ಸಿಂಗ್ ಇಲ್ಲಿಯೇ ಚಿತ್ರಹಿಂಸೆಗೊಳಗಾಗಿ 1944ರ ಜನವರಿಯಲ್ಲಿ ತೀರಿಕೊಂಡರು. ಅದಕ್ಕೆ ಕೆಲವೇ ದಿನಗಳ ಹಿಂದೆ, 1943ರ ಡಿಸೆಂಬರಿನಲ್ಲಿ, ಸುಭಾಷ್‌ಚಂದ್ರ ಬೋಸರು ಊರಿಗೆ ಬಂದು ಧ್ವಜವನ್ನೇರಿಸಿದ್ದರು. ಈ ಎರಡು ಘಟನೆಗಳನ್ನು ಒಂದೇ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದರೆ ನೋಡುವವನಿಗೆ ಕಸಿವಿಸಿಯಾದೀತು. ಆಗಲಿ. ಶಿಕ್ಷೆ ಮುಗಿದ ಮೇಲೆ ದ್ವೀಪದಲ್ಲೇ ನೆಲಸಿದ ಬಂದಿಗಳ ಮಕ್ಕಳು ಮೊಮ್ಮಕ್ಕಳು ಈಗಲೂ ಆ ಊರಿನಲ್ಲಿದ್ದಾರೆ. ಅವರ ಹಿರಿಯರ ಹೆಸರುಗಳನ್ನು ಕೆತ್ತುವಷ್ಟು ಜಾಗ, ಮೂರು ಸಾಲುಗಳೇ ಉಳಿದಿದ್ದರೂ, ಆ ಗೋಡೆಗಳ ಮೇಲೆ ಇದೆ.