ವೃದ್ಧರ ನಿದ್ರಾಗುಳಿಗೆ: ಕ್ವೆಬೆಕ್ಕಿನ ಎರಡು ಪ್ರಯೋಗಗಳ ವಿಮರ್ಶೆ

ಔಷಧವನ್ನು ಆರಂಭಿಸುವ ಶಾಸ್ತ್ರ ವಿಸ್ತಾರವಾಗಿ ಬೆಳೆದಿದೆ. ನಿಲ್ಲಿಸುವ ಶಾಸ್ತ್ರ ಇನ್ನೂ ಎಳೆಯದು. ಪಾಲನಾಲಯಗಳಲ್ಲಿರುವ ವೃದ್ಧರಿಗೆ ಅಹಿತಕರವಾದ ಔಷಧಗಳ ಪಟ್ಟಿಯೊಂದನ್ನು ಅಮೆರಿಕದ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲಿಯೇ ಪ್ರಕಟಿಸಿದರು. ಬೆಂಜೊಡಯಜಪೀನ್ ವರ್ಗದ ನಿದ್ರಾಗುಳಿಗೆಗಳಿಂದ ವೃದ್ಧರು ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯ ಹೆಚ್ಚುವುದೆಂಬುದು ವೈದ್ಯರು ಅರಿಯದ ಸಂಗತಿಯಲ್ಲ. ಆದರೂ ಅವುಗಳ ಬಳಕೆ ಮುಂದುವರಿದಿದೆ. ಅರಿವು ಆಚರಣೆಗೆ ಬಾರದಿರಲು ಕಾರಣವೇನೆಂಬುದೇ ಇಲ್ಲಿ ವಿಚಾರಣೀಯ.

ಕೆನಡದ ಕ್ವೆಬೆಕ್ ಪ್ರಾಂತದಲ್ಲಿ ಕಾರಾ ಟ್ಯಾನೆನ್‌ಬಾಮ್ ಮತ್ತು ಸಹೋದ್ಯೋಗಿಗಳು ನಡೆಸಿದ ಎರಡು ಪ್ರಯೋಗಗಳು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿವೆ. 2014ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ, ಈ ಗುಳಿಗೆಗಳನ್ನು ಬಹುಕಾಲದಿಂದ ಸೇವಿಸುತ್ತಿದ್ದ 303 ವೃದ್ಧರಿದ್ದರು. ಒಂದು ಗುಂಪಿಗೆ ಗುಳಿಗೆಯ ಅಪಾಯವನ್ನೂ ಅದನ್ನು ಹಂತಹಂತವಾಗಿ ಇಳಿಸುವ ಕ್ರಮವನ್ನೂ ವಿವರಿಸುವ ಕಿರುಹೊತ್ತಗೆಯನ್ನು ಕೊಡಲಾಯಿತು. ಆರು ತಿಂಗಳಲ್ಲಿ ಅವರಲ್ಲಿ ಶೇಕಡಾ 27 ಮಂದಿ ಗುಳಿಗೆಯನ್ನು ಬಿಟ್ಟರು. ಇನ್ನೊಂದು ಗುಂಪಿನಲ್ಲಿ ಬಿಟ್ಟವರು ಶೇಕಡಾ 5 ಮಾತ್ರ.

ಫಲಿತಾಂಶ ಶ್ಲಾಘ್ಯವೇ ಸರಿ. ಆದರೆ ಅದೇ ವರದಿಯ ಇನ್ನೊಂದು ಅಂಕಿ ಹೆಚ್ಚು ಗಮನಾರ್ಹವಾದುದು. ಹೊತ್ತಗೆ ಪಡೆದವರಲ್ಲಿ ಶೇಕಡಾ 62 ಮಂದಿ ವೈದ್ಯರೊಡನೆಯಾಗಲಿ ಔಷಧಜ್ಞರೊಡನೆಯಾಗಲಿ ಗುಳಿಗೆ ಬಿಡುವ ಮಾತೆತ್ತಿದ್ದರು. ಪ್ರಮಾಣವನ್ನು ತಗ್ಗಿಸಿಕೊಂಡ ಶೇಕಡಾ 11 ಮಂದಿಯನ್ನು ಸೇರಿಸಿದರೂ, ಮಾತೆತ್ತಿದವರಿಗೂ ಫಲ ಕಂಡವರಿಗೂ ನಡುವೆ ದೊಡ್ಡ ಅಂತರ ಉಳಿಯುತ್ತದೆ. ರೋಗಿಯೇನೋ ಸಿದ್ಧನಾಗಿ ಬಂದ. ಅವನ ಮಾತನ್ನು ಕೇಳಬೇಕಾದವರು ಸಿದ್ಧರಾಗಿದ್ದರೆ?

2018ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗ ಈ ಅಂತರದತ್ತ ಗಮನ ಹರಿಸಿತು. 69 ಔಷಧ ಅಂಗಡಿಗಳ 489 ಮಂದಿಯನ್ನು ಒಳಗೊಂಡ ಇದರಲ್ಲಿ, ರೋಗಿಗೆ ಹೊತ್ತಗೆಯೂ ಅವನ ವೈದ್ಯರಿಗೆ ಔಷಧಜ್ಞರ ಆಧಾರಸಹಿತ ಅಭಿಪ್ರಾಯವೂ ತಲಪಿದುವು. ಅಹಿತಕರ ಔಷಧವನ್ನು ಬಿಟ್ಟವರು ಶೇಕಡಾ 43. ಎಂದಿನ ಕ್ರಮದಲ್ಲಿದ್ದವರಲ್ಲಿ ಶೇಕಡಾ 12. ಇದರಲ್ಲಿ ನಿದ್ರಾಗುಳಿಗೆಯಲ್ಲದೆ ಬೇರೆ ವರ್ಗದ ಔಷಧಗಳೂ ಸೇರಿದ್ದುದರಿಂದ ಎರಡು ಪ್ರಯೋಗಗಳ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಯುಕ್ತವಲ್ಲ. ಆದರೂ ಅರಿವು ರೋಗಿಗೂ ವೈದ್ಯರಿಗೂ ಏಕಕಾಲದಲ್ಲಿ ತಲಪಬೇಕೆಂಬ ಅಭಿಪ್ರಾಯಕ್ಕೆ ಇವು ಬಲ ಕೊಡುತ್ತವೆ.

ಇವುಗಳ ಮಿತಿಯನ್ನೂ ಮರೆಯಲಾಗದು. ಎರಡೂ ಮುಖ್ಯವಾಗಿ ಎಣಿಸಿದುದು ಆರು ತಿಂಗಳಲ್ಲಿ ಔಷಧ ಬಿಟ್ಟವರನ್ನು; ಬೀಳುವಿಕೆ ಎಷ್ಟು ತಗ್ಗಿತೆಂಬುದನ್ನು ಈ ಎಣಿಕೆ ಹೇಳಲಾರದು. ಅಲ್ಲದೆ, ಇಂಥ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳವಿನಂಥ ಅಪಾಯವೂ ಒದಗಬಹುದು. ಆದುದರಿಂದ ನಿಲ್ಲಿಸುವುದೂ ಒಂದು ಚಿಕಿತ್ಸೆಯೇ. ಅದಕ್ಕೂ ಕಾಲ, ಮೇಲ್ವಿಚಾರಣೆ, ಪ್ರತಿಫಲ ಅವಶ್ಯಕ. ಔಷಧಜ್ಞನ ನಿತ್ಯದ ಕೆಲಸದಲ್ಲಿ ಆ ಓಲೆ ಬರೆಯುವುದಕ್ಕೆ ಸ್ಥಾನವಿಲ್ಲದಿದ್ದರೆ, ಪ್ರಯೋಗ ಮುಗಿದ ದಿನವೇ ಅದರ ಪ್ರಯೋಜನವೂ ಮುಗಿದೀತು.