ಒಂದು ಗುಲಗಂಜಿಯ ತೂಕ

“ರಸ್ತೆಗೋ, ರೇಸಿಗೋ?”

ಪೀಣ್ಯ ಎರಡನೇ ಹಂತದ ಒಂದು ಪುಟ್ಟ ಶೆಡ್ಡಿನ ಬಾಗಿಲಲ್ಲಿ ನಿಂತ ನನ್ನನ್ನು ಅದರ ಯಜಮಾನರು ಕೇಳಿದ ಮೊದಲ ಮಾತು ಇದು. ಒಳಗೆ ಬನ್ನಿ ಎನ್ನುವ ಮುಂಚೆಯೇ ಕೇಳಿದರು. ನನ್ನ ಹೆಗಲ ಚೀಲದಲ್ಲಿ ಹಳೆಯ ಮಾರುತಿ ಜಿಪ್ಸಿಯ ಫ್ಲೈವೀಲ್, ಅಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ, ಇತ್ತು. ವೈಟ್‌ಫೀಲ್ಡಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಅದರ ಭಾರ ಭುಜಕ್ಕೆ ಚೆನ್ನಾಗಿ ಪರಿಚಯವಾಗಿತ್ತು.

“ರೇಸಿಗೆ. ಮಣ್ಣಿನ ಟ್ರ್ಯಾಕು” ಎಂದೆ. ಆಮೇಲೆ ಪ್ರಶ್ನೆಗಳ ಸಾಲೇ ಬಂತು. ಎಷ್ಟು ಆರ್‌ಪಿಎಂ ತನಕ ಎಳೀತೀರ? ಗೇರು ಕಂಪನಿಯದ್ದೇನಾ? ಗಾಡಿ ತೂಕ ಎಷ್ಟು ಇಳಿಸಿದ್ದೀರ? ಕ್ಲಚ್ಚು ಯಾವುದು? ಬಿತ್ತನೆ ಬೀಜ ಕೇಳಲು ಹೋದರೆ ಮೊದಲು ಹೊಲದ ಮಣ್ಣು ಎಂಥದ್ದು, ನೀರು ಎಷ್ಟಿದೆ ಎಂದು ವಿಚಾರಿಸುವ ಹಿರಿಯ ರೈತರ ಹಾಗೆ. ಬೆಲೆಯ ಮಾತು ಬಂದದ್ದು ಅರ್ಧ ಗಂಟೆಯ ನಂತರ, ಎರಡನೇ ಲೋಟ ಟೀ ಜೊತೆಗೆ. ಕಾರಿನ ಬಿಡಿಭಾಗ ಕೊಳ್ಳುವುದರಲ್ಲೂ ಒಂದು ರಸವಿದೆ ಎಂದು ನನಗೆ ತಿಳಿದದ್ದು ಆ ಅರ್ಧ ಗಂಟೆಯಲ್ಲಿ.

ಅದಕ್ಕೂ ಮುಂಚೆ ಒಮ್ಮೆ ಕೈಸುಟ್ಟುಕೊಂಡಿದ್ದೆ. ಬೇರೆ ಊರಿನ ಒಬ್ಬ ಮಾರಾಟಗಾರನಿಂದ ಹಗುರ ಮಾಡಿದ ಸಿದ್ಧ ಫ್ಲೈವೀಲ್ ತರಿಸಿದ್ದೆ. ಕೆಂಪು ಬಣ್ಣ, ಮೇಲೆ ‘ರೇಸಿಂಗ್’ ಎಂಬ ಅಚ್ಚು, ನೋಡಲು ಥಳಥಳ. ದುಡ್ಡು ಹೋಗುವ ತನಕ ದಿನಕ್ಕೆ ಮೂರು ಸಲ ಬರುತ್ತಿದ್ದ ಫೋನು ಆಮೇಲೆ ಮೌನವಾಯಿತು. ಜೋಡಿಸಿ ಓಡಿಸಿದರೆ ನಿಮಿಷಕ್ಕೆ 4,000 ಸುತ್ತು ದಾಟುತ್ತಿದ್ದಂತೆ ಗಾಡಿಯ ಮೈಯೆಲ್ಲ ನಡುಕ. ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತಿತ್ತು. ಪೀಣ್ಯದ ಯಜಮಾನರು ನಾನು ಒಯ್ದಿದ್ದ ಆ ಕೆಂಪು ಚಕ್ರವನ್ನು ಲೇತಿಗೆ ಕಚ್ಚಿಸಿ, ಅಂಚಿಗೆ ಡಯಲ್ ಗೇಜು ತಾಗಿಸಿ, ಕೈಯಲ್ಲೇ ನಿಧಾನ ತಿರುಗಿಸಿದರು. ಮುಳ್ಳು ಒಂದು ಸುತ್ತಿನಲ್ಲಿ ಆಚೆ ಹೋಗಿ ಈಚೆ ಬಂತು. ಬಣ್ಣ ಕೆರೆದು ಸಣ್ಣ ಅರ ಹಾಕಿ ಉಜ್ಜಿದರು. ಕಪ್ಪು ಪುಡಿ ಉದುರಿತು. “ಎರಕದ್ದು” ಎಂದರು. ಅಷ್ಟೇ. ಯಾರನ್ನೂ ಬೈಯಲಿಲ್ಲ.

ಎರಕದ ಕಬ್ಬಿಣ ಒತ್ತಡ ತಡೆಯುತ್ತದೆ, ಎಳೆತವನ್ನು ಅಷ್ಟಾಗಿ ತಡೆಯುವುದಿಲ್ಲ. ತಿರುಗುವ ಚಕ್ರಕ್ಕೆ ಬೀಳುವುದು ಎಳೆತವೇ. ಕಾಲು ಮೀಟರ್ ಅಗಲದ ಚಕ್ರವೊಂದು 7,000 ಸುತ್ತಿನಲ್ಲಿದ್ದಾಗ ಅದರ ಅಂಚು ಗಂಟೆಗೆ ಸುಮಾರು 330 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಂಥ ಚಕ್ರ ಸಿಡಿದರೆ ಅದರ ಮತ್ತು ನಮ್ಮ ಕಾಲುಗಳ ನಡುವೆ ಇರುವುದು ಗೇರ್‌ಬಾಕ್ಸಿನ ತೆಳು ಅಲ್ಯೂಮಿನಿಯಂ ಕವಚ, ಅದರಾಚೆ ಒಂದು ತಗಡು. ಸ್ಪರ್ಧೆಗೆ ಉಕ್ಕಿನ ಚಕ್ರವೇ ಬೇಕು ಎನ್ನುವುದು ಇದಕ್ಕೇ.

ಪೀಣ್ಯಕ್ಕೆ ಹೋಗದವರಿಗೆ ಅದು ತುಮಕೂರು ರಸ್ತೆಯ ಬದಿಯ ಹೊಗೆ, ಗದ್ದಲ, ಲಾರಿ. ಅಡ್ಡರಸ್ತೆಗೆ ಇಳಿದರೆ ಬೇರೆಯೇ ಲೋಕ. ಹಾರ್ಡ್ ಕ್ರೋಮ್, ಗೇರ್ ಕಟಿಂಗ್, ವೈರ್ ಕಟ್, ಸರ್ಫೇಸ್ ಗ್ರೈಂಡಿಂಗ್ ಎಂದು ಬಾಗಿಲಿಗೊಂದು ವಿದ್ಯೆಯ ಹೆಸರು. ಗೇಟಿಗೆ ನೇತುಹಾಕಿದ ಹಲಗೆಯಲ್ಲಿ ‘ಟರ್ನರ್, ಫಿಟ್ಟರ್ ಬೇಕಾಗಿದ್ದಾರೆ’. ಈ ವಿದ್ಯೆ ಆಕಾಶದಿಂದ ಬಿದ್ದದ್ದಲ್ಲ. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಹುಟ್ಟಿತು. ಅದೇ ತುಮಕೂರು ರಸ್ತೆಯಲ್ಲಿ 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಸಿಎಂಟಿಐ ಬಂತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಶುರುವಾಯಿತು. ಅಲ್ಲೆಲ್ಲ ಕೈ ಪಳಗಿಸಿಕೊಂಡವರು ಹೊರಬಂದು ಒಂದೊಂದು ಲೇತ್ ಇಟ್ಟುಕೊಂಡು ತಾವೇ ಯಜಮಾನರಾದರು. ನಮ್ಮ ಯಜಮಾನರ ಶೆಡ್ಡಿನಲ್ಲೂ ಎರಡು ಸಿಎನ್‌ಸಿ ಯಂತ್ರಗಳ ಹಿಂದೆ, ಮೂಲೆಯಲ್ಲಿ, ಎಚ್‌ಎಂಟಿಯ ಎನ್‌ಎಚ್ 22 ಲೇತ್ ಇದೆ. ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ, ಹಾಸು ಮಾತ್ರ ಕನ್ನಡಿ. ಒಂದೇ ಒಂದು ಪೀಸು ಮಾಡುವುದಿದ್ದರೆ ಅವರು ಹೋಗುವುದು ಅದರ ಹತ್ತಿರ.

ನಾನು ವಾರವಿಡೀ ವೈಟ್‌ಫೀಲ್ಡಿನಲ್ಲಿ ಕೂತು ಕಾರುಗಳಿಗಾಗಿ ಕೋಡ್ ಬರೆಯುವವನು. ನಮ್ಮಲ್ಲಿ ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದು. ಲೇತಿನ ಮುಂದೆ ಆ ಸೌಲಭ್ಯವಿಲ್ಲ. ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು. ಹಾಗಾಗಿ ಅಲ್ಲಿ ಪ್ರತಿ ಕೆಲಸದ ಮುಂಚೆ ಒಂದು ಸಣ್ಣ ಮೌನವಿರುತ್ತದೆ. ಅಳೆದವರು ಇನ್ನೊಮ್ಮೆ ಅಳೆಯುತ್ತಾರೆ. ಆ ಮೌನ ನೋಡುವುದಕ್ಕೇ ನಾನು ಶನಿವಾರಗಳಂದು ಹೋಗತೊಡಗಿದೆ.

ಚಕ್ರಕ್ಕೆ ಆರಿಸಿದ್ದು ಇಎನ್ 24 ಎಂಬ ಉಕ್ಕು. ಅದರಲ್ಲಿ ಶೇ. 1.5ರಷ್ಟು ನಿಕಲ್, ಅದಕ್ಕಿಂತ ತುಸು ಕಡಿಮೆ ಕ್ರೋಮಿಯಂ, ಚಿಟಿಕೆ ಮಾಲಿಬ್ಡಿನಂ. ಸುಮಾರು 830 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುತ್ತದೆ, ಆದರೆ ಗಾಜಿನಂತೆ ಮುರುಕು. ಮತ್ತೆ 600ರ ಆಸುಪಾಸಿಗೆ ಕಾಯಿಸಿ ತಣಿಸಿದರೆ ಗಡಸು ಸ್ವಲ್ಪ ಬಿಟ್ಟುಕೊಟ್ಟು ತಾಳಿಕೆ ಗಳಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ಯಜಮಾನರ ಬಾಯಲ್ಲಿ ಒಂದೇ ಮಾತು: ಹದ. “ಹದ ಕೊಟ್ಟಿರೋ ಮಾಲೇ ತರಿಸ್ತೀನಿ, ಎರಡು ವಾರ ಆಗತ್ತೆ.” ಕುಡುಗೋಲಿಗೆ, ಮಣ್ಣಿಗೆ, ಬೆಲ್ಲದ ಪಾಕಕ್ಕೆ ನಾವು ಬಳಸುವ ಅದೇ ಮಾತು.

ಎರಡು ವಾರ ಎಂದದ್ದು ನಾಲ್ಕಾಯಿತು. ಆದರೆ ತಡವಾಗುತ್ತದೆಂದು ಅವರೇ ಫೋನು ಮಾಡಿ ಹೇಳಿದರು, ಕಾರಣವನ್ನೂ ಹೇಳಿದರು: ಬಂದ ಬಿಲ್ಲೆಯ ಗಡಸು ಪರೀಕ್ಷೆಯಲ್ಲಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಂದಿತ್ತು, ವಾಪಸು ಕಳಿಸಿದ್ದರು. ಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಫೋನು ಯಾವುದಿದೆ? ಮುಂಗಡ ಅರ್ಧ, ಮಾಲು ಒಪ್ಪಿಸುವಾಗ ಅರ್ಧ, ಜಿಎಸ್‌ಟಿ ಬಿಲ್ಲು, ಉಕ್ಕಿನ ಪರೀಕ್ಷಾ ಪತ್ರದ ಪ್ರತಿ. ಮಾತಿನಲ್ಲಿ ಸಕ್ಕರೆ ಇಲ್ಲ, ಸುಳ್ಳೂ ಇಲ್ಲ.

ಎಂಜಿನ್ ಚುರುಕಾಗಿ ಸುತ್ತು ಏರಬೇಕಾದರೆ ಚಕ್ರದಿಂದ ಎಷ್ಟು ಲೋಹ ತೆಗೆಯಬೇಕು, ಎಲ್ಲಿ ತೆಗೆಯಬೇಕು ಎಂಬುದರಲ್ಲಿ ಇಡೀ ವಿದ್ಯೆ ಇದೆ. ನಡುವಿನಿಂದ 6 ಸೆಂಟಿಮೀಟರ್ ದೂರದಲ್ಲಿ ತೆಗೆದ ಒಂದು ಗ್ರಾಂಗಿಂತ 12 ಸೆಂಟಿಮೀಟರ್ ದೂರದಲ್ಲಿ ತೆಗೆದ ಒಂದು ಗ್ರಾಂ ನಾಲ್ಕು ಪಟ್ಟು ಕೆಲಸ ಮಾಡುತ್ತದೆ. ಆಸೆಬುರುಕನಾಗಿ ನಾನು ಇನ್ನಷ್ಟು ತೆಗೆಯಿರಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. “ಮಣ್ಣಲ್ಲಿ ಗಾಡಿ ನಿಂತಲ್ಲಿಂದ ಏಳೋದಕ್ಕೆ ಚಕ್ರದಲ್ಲಿ ಸ್ವಲ್ಪ ಉಸಿರು ಇರಬೇಕು. ಪೂರ್ತಿ ತೆಗೆದ್ರೆ ಪ್ರತಿ ಸಲ ಬಂದ್ ಬೀಳತ್ತೆ.” ಒಂದು ಕಿಲೋಗಿಂತ ತುಸು ಹೆಚ್ಚು ಇಳಿಸಿ ನಿಲ್ಲಿಸಿದರು. ಹೆಚ್ಚು ಮಾರಬಹುದಾಗಿದ್ದಾಗ ಸಾಕು ಎನ್ನುವ ವ್ಯಾಪಾರಿ ಸಿಗುವುದು ಅಪರೂಪ.

ಇನ್ನು ಆ ದಿನದ ಮಾತು. ಸ್ಟಾರ್ಟರ್ ಮೋಟಾರು ಕಚ್ಚುವ ಹಲ್ಲಿನ ಬಳೆಯನ್ನು ಚಕ್ರಕ್ಕೆ ತೊಡಿಸುವ ದಿನ. ಬಳೆಯ ಒಳವ್ಯಾಸ ಚಕ್ರದ ಹೊರವ್ಯಾಸಕ್ಕಿಂತ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಕಿರಿದು. ಬೋಲ್ಟಿಲ್ಲ, ಬೆಸುಗೆಯಿಲ್ಲ. ಬಳೆಯನ್ನು ಕಾಯಿಸುತ್ತಾರೆ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 200 ಡಿಗ್ರಿ ಏರಿದರೆ ಕಾಲು ಮೀಟರಿನ ಬಳೆ ಅರ್ಧ ಮಿಲಿಮೀಟರಿಗೂ ಹೆಚ್ಚು ಅಗಲವಾಗುತ್ತದೆ. ಒಲೆಗೆ ಉಷ್ಣಮಾಪಕ ಇತ್ತು. ಆದರೂ ಯಜಮಾನರು ಬಳೆಯ ಉಜ್ಜಿದ ಒಂದು ಅಂಗುಲ ಜಾಗವನ್ನೇ ನೋಡುತ್ತಿದ್ದರು. ಮೊದಲು ಬಣ್ಣವಿಲ್ಲ. ಆಮೇಲೆ ಭತ್ತದ ಹುಲ್ಲಿನ ತಿಳಿ ಹಳದಿ ಹಬ್ಬಿತು. “ಸಾಕು” ಎಂದರು. ಅಲ್ಲಿಂದ ಮುಂದಕ್ಕೆ ಬೆಲ್ಲದ ಕಂದು, ಜಂಬುನೇರಳೆಯ ಬಣ್ಣ, ಕೊನೆಗೆ 300 ಡಿಗ್ರಿಯ ಹೊತ್ತಿಗೆ ನವಿಲುಗೊರಳಿನ ನೀಲಿ. ನೀಲಿಗೆ ಹೋದರೆ ಹಲ್ಲುಗಳ ಹದ ಇಳಿಯುತ್ತದೆ.

ಇಬ್ಬರು ಹುಡುಗರು ಇಕ್ಕಳದಲ್ಲಿ ಬಳೆ ಎತ್ತಿದರು. ಇಳಿಸಿದರು. ಅದು ಜಾರಿ ತನ್ನ ಮೆಟ್ಟಿಲ ಮೇಲೆ ಕೂತಿತು, ಒಂದೇ ಒಂದು ಸಣ್ಣ ‘ಟಕ್’. ಆಮೇಲೆ ತಣಿಯುತ್ತಾ ಬಿಗಿಯುತ್ತಾ ಅದು ಮಾಡಿದ ಕಿಣಿಕಿಣಿ ಸದ್ದು ಕೇಳಲು ಒಬ್ಬ ಹುಡುಗ ಪಕ್ಕದ ಗ್ರೈಂಡರನ್ನೇ ನಿಲ್ಲಿಸಿದ.

ಈ ಸದ್ದು ನಾನು ಮುಂಚೆ ಕೇಳಿದ್ದೆ. ತಿಪಟೂರಿನ ಕಡೆ ಅಜ್ಜನ ಊರಿನಲ್ಲಿ, ಎತ್ತಿನ ಗಾಡಿಯ ಗಾಲಿಗೆ ಹಳಿ ಹಾಕುವಾಗ. ಬೆರಣಿಯ ಬೆಂಕಿಯಲ್ಲಿ ಕಬ್ಬಿಣದ ಹಳಿ ಕಾಯುತ್ತಿತ್ತು. ಕಮ್ಮಾರರು ಮೂರು ಕಡೆ ಇಕ್ಕಳ ಹಿಡಿದು ತಂದು ಮರದ ಗಾಲಿಯ ಮೇಲೆ ಇಳಿಸಿ ನೀರು ಹೊಯ್ಯುತ್ತಿದ್ದರು. ಹೊಗೆ, ಹಬೆ, ಮರದ ಕೀಲುಗಳು ಒಂದಕ್ಕೊಂದು ಬಿಗಿಯುವ ಚಟಪಟ. ಆ ಗಾಲಿ ಅಜ್ಜನ ಗಾಡಿಯಲ್ಲಿ ವರ್ಷಗಟ್ಟಲೆ ಓಡಿತು. ಯಜಮಾನರಿಗೆ ಇದನ್ನು ಹೇಳಿದೆ. “ನಮ್ಮ ತಾತ ಅದೇ ಕೆಲಸ ಮಾಡ್ತಿದ್ರು” ಎಂದರು, ಕೈಯೊರೆಸಿಕೊಳ್ಳುತ್ತಾ.

ಉಳಿದದ್ದು ಸಮತೋಲ. ಚಕ್ರವನ್ನು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಕೂರಿಸಿ ತಿರುಗಿಸಿದರೆ ಎಷ್ಟು ಗ್ರಾಂ ಹೆಚ್ಚಿದೆ, ಯಾವ ಡಿಗ್ರಿಯಲ್ಲಿ ಎಂದು ತೆರೆ ಹೇಳುತ್ತದೆ. ಕೆಲಸದವರು ಇವತ್ತಿಗೂ ಐಎಸ್‌ಒ 1940 ಎಂದೇ ಕರೆಯುವ ಮಾನಕದಲ್ಲಿ ಜಿ 2.5 ಎಂಬ ದರ್ಜೆ ಇದೆ. 6,000 ಸುತ್ತಿಗೆ ಲೆಕ್ಕ ಹಾಕಿದರೆ ಚಕ್ರದ ಭಾರಕೇಂದ್ರ ಅದರ ನಟ್ಟನಡುವಿನಿಂದ 4 ಮೈಕ್ರಾನಿಗಿಂತ ಸರಿಯಕೂಡದು. ಕೂದಲೆಳೆಯ ಹದಿನೈದನೇ ಒಂದು ಭಾಗಕ್ಕೆ ಹತ್ತಿರ. ಐದು ಕಿಲೋ ಚಕ್ರದ ಅಂಚಿನಲ್ಲಿ ಉಳಿಯಬಹುದಾದ ಹೆಚ್ಚುವರಿ ಲೋಹ 0.16 ಗ್ರಾಂ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಒಂದು ಗುಲಗಂಜಿಗಿಂತ ಒಂಚೂರು ಹೆಚ್ಚು. ಡ್ರಿಲ್ಲಿನ ಮೊನೆ ತಾಗಿಸಿ, ಎತ್ತಿ, ಮತ್ತೆ ತಿರುಗಿಸಿ, ಮತ್ತೆ ತಾಗಿಸಿ, ಅವರು ಆ ಗುಲಗಂಜಿಯನ್ನು ಬೆನ್ನಟ್ಟಿದರು.

ಟ್ರ್ಯಾಕಿನಲ್ಲಿ ಮೊದಲ ಸಲ ಆ ಚಕ್ರ ತಿರುಗಿದಾಗ 1298 ಸಿಸಿಯ ಹಳೆಯ ಎಂಜಿನ್ ಮೈಮೇಲಿನ ಕಂಬಳಿ ಕೊಡವಿ ಎದ್ದಂತಿತ್ತು. ಗೇರು ಇಳಿಸುವಾಗ ಆಕ್ಸಿಲರೇಟರ್ ಪೆಡಲನ್ನು ಬೆರಳಿನಷ್ಟು ಒತ್ತಿದರೆ ಸಾಕು, ಸುತ್ತು ಏರಿ ಗೇರು ತಾನಾಗಿ ಬೀಳುತ್ತಿತ್ತು. 4,000 ದಾಟಿತು, 5,000 ದಾಟಿತು. ಕನ್ನಡಿಯಲ್ಲಿ ಹಿಂದಿನ ಗಾಡಿ ಒಂದೇ ಒಂದಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ನಿಂತಾಗ ಎಂಜಿನ್ ಮುಂಚಿನಷ್ಟು ಮೆತ್ತಗೆ ಕೂರುವುದಿಲ್ಲ, ತುಸು ಚಡಪಡಿಸುತ್ತದೆ. ಅದನ್ನೂ ಅವರು ಮೊದಲೇ ಹೇಳಿದ್ದರು.

ಆಯುಧಪೂಜೆಗೆ ಎರಡು ದಿನ ಮುಂಚೆ ಸಿಹಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ಯಂತ್ರಗಳ ಮೈ ಒರೆಸಿ ಎಣ್ಣೆ ಹಚ್ಚುತ್ತಿದ್ದರು. ಎನ್‌ಎಚ್ 22ರ ಪಕ್ಕ ಬೂದುಗುಂಬಳದ ರಾಶಿ. ಯಜಮಾನರು ಬ್ಯಾಲೆನ್ಸಿಂಗ್ ಯಂತ್ರದ ಮುಂದೆ ಇನ್ಯಾರದೋ ಚಕ್ರ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಗುರುತಿನ ಪಟ್ಟಿ ಕೊರಳಲ್ಲಿದ್ದ ಹುಡುಗನೊಬ್ಬ ನಿಂತಿದ್ದ. ಹೊಸ ಕಾರು ಹೊರಗಿತ್ತು.

“ರಸ್ತೆಗೋ, ರೇಸಿಗೋ?”

“ರಸ್ತೆಗೆ ಸಾರ್. ಹಗುರ ಫ್ಲೈವೀಲು, ಜೋರು ಸೈಲೆನ್ಸರು, ಎರಡೂ ಬೇಕು. ದುಡ್ಡು ಈಗಲೇ ಕೊಡ್ತೀನಿ.”

ಯಜಮಾನರು ಅವನನ್ನು ಕೂರಿಸಿ ಟೀ ತರಿಸಿದರು. ನೋಂದಣಿ ಪತ್ರದಲ್ಲಿ ಇರುವುದಕ್ಕೆ ಗಾಡಿ ಹೊಂದದಂತೆ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ ಎಂದು ತಾಳ್ಮೆಯಿಂದ ಹೇಳಿದರು. ಆಸ್ಪತ್ರೆ, ಶಾಲೆಗಳ ಮುಂದೆ ಹಾಯುವ ಗಾಡಿಗೆ ಜೋರು ಸದ್ದು ತಾವು ಮಾಡಿಕೊಡುವುದಿಲ್ಲ ಎಂದರು. ಆಮೇಲೆ ಹೊರಗೆ ಹೋಗಿ ಅವನ ಕಾರಿನ ಟೈರು ಮುಟ್ಟಿ ನೋಡಿ, ಚಕ್ರದ ಕಡ್ಡಿಗಳ ನಡುವಿನಿಂದ ಬ್ರೇಕು ಇಣುಕಿ, ಜೆ.ಸಿ. ರಸ್ತೆಯಲ್ಲಿ ಕೇಳಬೇಕಾದ ಬ್ರೇಕ್ ಪ್ಯಾಡಿನ ಹೆಸರು ಚೀಟಿಯಲ್ಲಿ ಬರೆದುಕೊಟ್ಟರು. “ಮೊದಲು ಚೆನ್ನಾಗಿ ನಿಲ್ಲಲಿ. ಟ್ರ್ಯಾಕಿಗೆ ಹೋಗೋ ದಿನ ಬಾ, ಮಾಡಿಕೊಡ್ತೀನಿ.”

ಹುಡುಗ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದ. ಯಜಮಾನರು ಕನ್ನಡಕ ಏರಿಸಿಕೊಂಡು ಯಂತ್ರದ ಕಡೆ ತಿರುಗಿದರು. ತೆರೆಯ ಮೇಲೆ 0.2 ಗ್ರಾಂ ಎಂದಿತ್ತು. ಡ್ರಿಲ್ಲನ್ನು ಒಂದು ಉಸಿರಿನಷ್ಟು ಹೊತ್ತು ತಾಗಿಸಿ ಎತ್ತಿದರು. ಸುರುಳಿಯಾಗಿ ಬಂದ ಉಕ್ಕಿನ ಎಳೆಯೊಂದು ಮೇಜಿನ ಮೇಲೆ ಬಿತ್ತು. ಚಕ್ರ ಮತ್ತೆ ತಿರುಗಿತು. ನಾವಿಬ್ಬರೂ ತೆರೆ ನೋಡುತ್ತಾ ಕಾದೆವು.